ದಂತವೋ, ಮೂಳೆಯೋ, ಬೀಟೆಯೋ, ಬೆಳ್ಳಿಯೋ? ಪೀಚೆಕತ್ತಿಯ ಹಿಡಿ ಆರಿಸುವವರಿಗೆ

ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಬಗ್ಗೆ ಕೇಳುವವರು ಹೆಚ್ಚಾಗಿ ಮೂರು ಥರದವರು. ಮಗನ ಮದುವೆ ಗೊತ್ತಾಗಿದೆ, ಕುಪ್ಯ (ಕೊಡವರ ನಿಲುವಂಗಿ) ಹೊಲಿಸಿ ಆಗಿದೆ, ಕತ್ತಿ ಮಾತ್ರ ಬಾಕಿ, ಹಿಡಿ ಯಾವುದರದ್ದು ಇರಲಿ ಎನ್ನುವವರು ಒಂದು ಕಡೆ. ಅಜ್ಜನ ಕಾಲದ ದಂತದ ಹಿಡಿಯ ಕತ್ತಿ ಪೆಟ್ಟಿಗೆಯಲ್ಲಿದೆ, ಕಾಗದ ಪತ್ರ ಏನೂ ಇಲ್ಲ, ಏನು ಮಾಡೋದು ಎನ್ನುವವರು ಇನ್ನೊಂದು ಕಡೆ. ಮೂರನೆಯವರು ಹಳೆಯ ಕತ್ತಿಗಳ ಸಂಗ್ರಹದ ಗೀಳು ಹತ್ತಿದವರು. ಲಂಡನ್ನಿನ ಯಾವುದೋ ಹರಾಜಿನಲ್ಲಿ ಕೊಡಗಿನ ಕತ್ತಿಯೊಂದನ್ನು ನೋಡಿ, ತರಿಸಿಕೊಳ್ಳಬಹುದಾ ಎಂದು ಕೇಳುವವರು. ಮೂವರಿಗೂ ಒಂದೇ ಉತ್ತರ ಕೊಡಲು ಆಗಲ್ಲ.

ಕೊಡಗಿನ ಹೊರಗಿನವರಿಗಾಗಿ ಒಂದೆರಡು ಮಾತು. ಕೊಡವ ಗಂಡಸರು ಕುಪ್ಯದ ಮೇಲೆ ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಕಟ್ಟಿ, ಅದಕ್ಕೆ ಮುಂದೆ ಸಿಕ್ಕಿಸಿಕೊಳ್ಳುವ ಗಿಡ್ಡ ಕತ್ತಿಯೇ ಪೀಚೆಕತ್ತಿ. ಅಗಲವಾದ, ಒಂದೇ ಬಾಯಿಯ ಅಲಗು. ಮರದ ಒರೆಗೆ ಬೆಳ್ಳಿಯ ಕಟ್ಟು. ಒರೆಯಿಂದ ಬೆಳ್ಳಿ ಸರಪಳಿ ಇಳಿಬಿದ್ದಿರುತ್ತದೆ. ಹಳೆಯವುಗಳಲ್ಲಿ ಆ ಸರಪಳಿಯ ತುದಿಗೆ ಚಿಮಟ, ಉಗುರು ಕೆರೆಯುವ ಕಡ್ಡಿಯಂಥ ಪುಟಾಣಿ ಸಾಮಾನುಗಳನ್ನು ನೋಡಬಹುದು. ಹಿಡಿಯ ತುದಿ ಕೆಲವದರಲ್ಲಿ ಗಿಳಿಯ ತಲೆಯ ಹಾಗೆ ಬಾಗಿರುತ್ತದೆ. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುವ ದೊಡ್ಡದು ಒಡಿಕತ್ತಿ. ಮದುವೆಯಲ್ಲಿ ಬಾಳೆ ಕಡಿಯುವುದು ಒಡಿಕತ್ತಿಯ ಕೆಲಸ. ಪೀಚೆಕತ್ತಿ ಈಗ ಬಹುಮಟ್ಟಿಗೆ ಉಡುಪಿನ ಅಂದಕ್ಕೆ. ಹಿಡಿ ಆರಿಸುವಾಗ ಈ ವ್ಯತ್ಯಾಸ ನೆನಪಿರಲಿ. ಪೀಚೆಕತ್ತಿಯ ಹಿಡಿ ಪೆಟ್ಟು ತಿನ್ನಬೇಕಾಗಿಲ್ಲ, ಒಡಿಕತ್ತಿಯದ್ದು ತಿನ್ನಬೇಕು.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು ಕಾನೂನು: ಇದನ್ನು ಕೊಳ್ಳಬಹುದಾ, ಇಟ್ಟುಕೊಳ್ಳಬಹುದಾ, ನಾಳೆ ಕೈ ಬದಲಾಯಿಸಬಹುದಾ? ಎರಡನೆಯದು ಕತ್ತಿ ಎಲ್ಲಿ ಇರುತ್ತದೆ ಅನ್ನೋದು. ಮಡಿಕೇರಿಯ ಮಳೆಯಲ್ಲೋ, ಬೆಂಗಳೂರಿನ ಫ್ಲಾಟಿನಲ್ಲೋ, ಕ್ಯಾಲಿಫೋರ್ನಿಯಾದಲ್ಲೋ? ಮೂರನೆಯದು ಮೈಮೇಲೆ ಧರಿಸುತ್ತೀರಾ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೀರಾ. ನಾಲ್ಕನೆಯದು ರಿಪೇರಿ, ಯಾಕೆಂದರೆ ಹಿಡಿ ಬಿರುಕು ಬಿಟ್ಟರೆ ಮುಟ್ಟಿ ಸರಿಮಾಡುವವರು ಸಿಗಬೇಕು. ಐದನೆಯದು ದುಡ್ಡು.

ಅಂದ ಈ ಪಟ್ಟಿಯಲ್ಲಿ ಇಲ್ಲ. ಒಳ್ಳೆ ಕೆಲಸಗಾರನ ಕೈಯಲ್ಲಿ ಈ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ದಂತ: ಕೊಳ್ಳುವವರಿಗೆ ಬಾಗಿಲು ಮುಚ್ಚಿದೆ

ನೇರವಾಗಿ ಹೇಳುತ್ತೇನೆ. ಭಾರತದಲ್ಲಿ ಆನೆ ದಂತದ ಹಿಡಿಯ ಕತ್ತಿಯನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಮಾಡಿಸುವಂತಿಲ್ಲ. ಹಳೆಯದು, ಹೊಸದು ಎಂಬ ಭೇದ ಇಲ್ಲ. ನೂರು ವರ್ಷ ಹಳೆಯದು ಸಾರ್, ಆ್ಯಂಟಿಕ್, ಏನೂ ಆಗಲ್ಲ ಎಂದು ಮಾರುವವರು ಹೇಳುವ ಮಾತಿಗೆ ನಮ್ಮ ಕಾನೂನಿನಲ್ಲಿ ಆಧಾರವೇ ಇಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ನಮ್ಮ ಆನೆ ಅದರ 1ನೇ ಶೆಡ್ಯೂಲ್‌ಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಸೇರಿದ್ದು 1977ರಲ್ಲಿ. 1986ರ ತಿದ್ದುಪಡಿ ದೇಶದೊಳಗಿನ ಭಾರತೀಯ ದಂತದ ವ್ಯಾಪಾರ ನಿಲ್ಲಿಸಿತು. ಆಮೇಲೂ ಆಫ್ರಿಕಾದಿಂದ ತಂದ ದಂತ ಎಂಬ ಹೆಸರಿನಲ್ಲಿ ಅಂಗಡಿಗಳು ನಡೆಯುತ್ತಿದ್ದವು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ವ್ಯಾಪಾರಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು, 2003ರಲ್ಲಿ ಕೋರ್ಟ್ ನಿಷೇಧವನ್ನೇ ಎತ್ತಿಹಿಡಿಯಿತು. ತಪ್ಪಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆ ಇರುವಂತಿಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ವಸ್ತು ನಿಮ್ಮ ಬಳಿ ಸಿಕ್ಕಿತು ಎಂದಾದರೆ, ಅದು ಕಾನೂನುಬದ್ಧವಾಗಿ ಬಂದದ್ದು ಎಂದು ತೋರಿಸಬೇಕಾದವರು ನೀವೇ.

ಇಷ್ಟು ಬಿಗಿ ಯಾಕೆ ಎಂದು ಕೇಳುವವರಿಗೆ: ದಂತದ ಸುಮಾರು ಮೂರನೇ ಒಂದು ಭಾಗ ಆನೆಯ ತಲೆಬುರುಡೆಯ ಒಳಗೇ ಇರುತ್ತದೆ. ಪೂರ್ತಿ ದಂತ ಬೇಕೆಂದರೆ ಆನೆ ಸಾಯಲೇಬೇಕು. ನಮ್ಮ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಿಗೆ ಮಾತ್ರ. ಹಾಗಾಗಿ ಬೇಟೆ ಗಂಡುಗಳನ್ನೇ ಆರಿಸಿ ಕೊಂದಿತು. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಹಂತದಲ್ಲಿ ಒಂದು ದೊಡ್ಡ ಗಂಡಾನೆಗೆ ನೂರಕ್ಕೂ ಹೆಚ್ಚು ಹೆಣ್ಣಾನೆಗಳು ಎನ್ನುವಂತಾಗಿತ್ತು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಅಂದಾಜಾಗಿದೆ, ದೇಶದಲ್ಲೇ ಮುಂಚೂಣಿ. ಕಾಫಿ ತೋಟದ ಬೇಲಿ ಮುರಿದಾಗ ನಮಗೆ ಸಿಟ್ಟು ಬರುತ್ತದೆ, ನಿಜ. ಆದರೂ ಅಷ್ಟು ಆನೆಗಳು ಉಳಿದಿರುವುದಕ್ಕೆ ಈ ಬಿಗಿಯೂ ಒಂದು ಕಾರಣ. ಸಂಗ್ರಹದ ಆಸೆಗಾಗಿ ಅದನ್ನು ಸಡಿಲ ಮಾಡಬೇಕು ಅಂತ ನನಗಂತೂ ಅನಿಸಿಲ್ಲ.

ಕೊಡಗಿನಲ್ಲಿ ಆಗಾಗ ಕೇಳಿಬರುವ ಒಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ನಮಗೆ ಆಯುಧದ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಅದು ಶಸ್ತ್ರಾಸ್ತ್ರ ಕಾಯ್ದೆಯ ವಿಷಯ. ಕೋವಿ, ಕತ್ತಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅನ್ನುತ್ತದೆ ಅಷ್ಟೇ. ಹಿಡಿ ದಂತದ್ದಾದರೆ ಅದು ವನ್ಯಜೀವಿ ಕಾಯ್ದೆಗೆ ಬರುತ್ತದೆ, ಅಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮನೆಯಲ್ಲಿ ಮೊದಲೇ ಇದ್ದರೆ

ಆಗ ಪ್ರಶ್ನೆ ಒಂದೇ: ಕಾಗದ ಇದೆಯಾ? ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ಕತ್ತಿ ಇಟ್ಟುಕೊಳ್ಳಬಹುದು. ಮಾರುವಂತಿಲ್ಲ. ಗೆಳೆಯನಿಗೆ ಉಡುಗೊರೆ ಕೊಡುವುದೂ ಬೇಡ, ಯಾಕೆಂದರೆ ಪ್ರಮಾಣಪತ್ರ ಇಲ್ಲದವರಿಗೆ ಇಂಥ ವಸ್ತು ವಾರಸುದಾರಿಕೆಯಿಂದ ಮಾತ್ರ ಬರಬಹುದು. ವಾರಸುದಾರರಿಗೂ ಒಂದು ಗಡುವು ಇದೆ. ವಸ್ತು ಕೈಗೆ ಬಂದ 90 ದಿನದೊಳಗೆ ಅರಣ್ಯ ಇಲಾಖೆಗೆ ಘೋಷಣೆ ಕೊಡಬೇಕು. ಅಪ್ಪ ತೀರಿಕೊಂಡ ಮೇಲೆ ತೋಟದ ಪೌತಿ ಖಾತೆಗೆ ಓಡಾಡುತ್ತೇವೆ, ಬ್ಯಾಂಕಿಗೆ ಓಡಾಡುತ್ತೇವೆ. ಗೋಡೆಯ ಮೇಲಿನ ಕತ್ತಿಯ ಕಾಗದ ಯಾರಿಗೂ ನೆನಪಾಗಲ್ಲ. ಅದನ್ನೂ ಆ ಪಟ್ಟಿಗೆ ಸೇರಿಸಿ. ಮನೆ ಬದಲಾಯಿಸಿ ಬೇರೆ ರಾಜ್ಯಕ್ಕೆ ಒಯ್ದರೆ, 30 ದಿನದೊಳಗೆ ಆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು.

ಕಾಗದವೇ ಇಲ್ಲದವರ ಸ್ಥಿತಿ ಕಷ್ಟದ್ದು. 2003ರಲ್ಲಿ ಕೇಂದ್ರ ಸರ್ಕಾರ ಘೋಷಣೆಗೆ 180 ದಿನಗಳ ಅವಕಾಶ ಕೊಟ್ಟಿತ್ತು. ಅದು ಎಂದೋ ಮುಗಿದಿದೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕದ ಗಲಾಟೆ ಎದ್ದಿತ್ತಲ್ಲ, ಅದಾದ ಮೇಲೆ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ಕಾಲಾವಕಾಶ ಕೊಟ್ಟಿತು. ಈಗ ನಿಮ್ಮ ಮುಂದಿರುವ ಒಳ್ಳೆ ದಾರಿ ಎಂದರೆ ಮೊದಲು ವನ್ಯಜೀವಿ ಪ್ರಕರಣ ಗೊತ್ತಿರುವ ವಕೀಲರನ್ನು ಕಾಣುವುದು, ಅವರ ಮೂಲಕವೇ ಇಲಾಖೆಗೆ ಬರೆದುಕೊಡುವುದು. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ, ಇದು ದಂತವೇ ಹೇಳಿ ಎಂದು ಕೇಳಬೇಡಿ. ರೇಟ್ ಅಂತೂ ಕೇಳಲೇಬೇಡಿ. ಮಾರಾಟಕ್ಕೆ ಇಟ್ಟಿದ್ದೀರಿ ಎಂಬ ಅರ್ಥ ಬರಲು ಅಷ್ಟು ಸಾಕು.

ದಂತವನ್ನು ಇಲಾಖೆಗೆ ಒಪ್ಪಿಸಿ, ಅಲಗು ಮತ್ತು ಒರೆಗೆ ಬೇರೆ ಹಿಡಿ ಹಾಕಿಸುವ ದಾರಿಯನ್ನೂ ಯೋಚಿಸಿ. ಪ್ರಮಾಣಪತ್ರ ಇರುವವರಿಗೂ ಬೇಡವೆನಿಸಿದರೆ ನೋಟಿಸ್ ಕೊಟ್ಟು ಒಪ್ಪಿಸಲು 2022ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಪರಿಹಾರ ಸಿಗಲ್ಲ. ಆದರೆ ಅಜ್ಜನ ಅಲಗು, ಒರೆಯ ಬೆಳ್ಳಿ ಕೆಲಸ, ಸರಪಳಿ ಎಲ್ಲ ಮನೆಯಲ್ಲೇ ಉಳಿಯಬಹುದು. ಮೊಮ್ಮಗ ಭಯವಿಲ್ಲದೆ ಚೇಲೆಗೆ ಸಿಕ್ಕಿಸಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಇದು ಸೋಲಲ್ಲ. ಹಿಡಿಯನ್ನು ನೀವೇ ಕಿತ್ತು ಎಲ್ಲೋ ಎಸೆಯಬೇಡಿ. ಬಿಚ್ಚುವ ಮೊದಲೇ ಇಲಾಖೆಯ ಜೊತೆ ಮಾತಾಡಿ.

ಅಂದಹಾಗೆ, ದಂತದ ಹಿಡಿ ಬಿರುಕು ಬಿಟ್ಟರೆ ಸುಮ್ನೆ ಅಕ್ಕಸಾಲಿಗರ ಕೈಗೆ ಕೊಟ್ಟು ಬರಬೇಡಿ. ವಸ್ತು ಅವರ ಅಂಗಡಿಯಲ್ಲಿದ್ದಷ್ಟು ದಿನ ಕಾನೂನಿನ ತೊಂದರೆ ಅವರಿಗೆ. ಹಾಗಾಗಿಯೇ ಒಳ್ಳೆ ಕೆಲಸಗಾರರು ಇದನ್ನು ಮುಟ್ಟಲು ಒಪ್ಪಲ್ಲ. ನಾಲ್ಕನೇ ಮಾನದಂಡದಲ್ಲಿ ದಂತ ಬೀಳುವುದು ಇಲ್ಲೇ.

ಅದು ದಂತವೇ ಅಲ್ಲದಿರಬಹುದು

ಗಾಬರಿಯಾಗುವ ಮೊದಲು ಒಂದು ಭೂತಕನ್ನಡಿ ತೆಗೆದುಕೊಳ್ಳಿ, 10 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಹಿಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಅಥವಾ ಕಂದು ಬಣ್ಣದ ಸಣ್ಣ ಚುಕ್ಕೆಗಳು, ಚಿಕ್ಕ ಗೀರುಗಳು ಕಂಡರೆ ಅದು ಮೂಳೆ. ರಕ್ತನಾಳ ಹಾದುಹೋಗಿದ್ದ ತೂತುಗಳವು, ಕಾಲಾಂತರದಲ್ಲಿ ಕೊಳೆ ತುಂಬಿ ಕಪ್ಪಾಗಿರುತ್ತವೆ. ದಂತದಲ್ಲಿ ಅವು ಇರುವುದಿಲ್ಲ. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದರ ಮೇಲೊಂದು ದಾಟುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಹೊರ ಅಂಚಿನಲ್ಲಿ ಆ ಗೆರೆಗಳು ಅಗಲ ಕೋನದಲ್ಲಿ ಸೇರಿದ್ದರೆ ಆನೆ, ಕಿರಿದಾದ ಕೋನದಲ್ಲಿ ಸೇರಿದ್ದರೆ ಮ್ಯಾಮತ್, ಅಂದರೆ ಆನೆಯ ಅಳಿದುಹೋದ ಬಂಧು. ಪೀಚೆಕತ್ತಿಯಲ್ಲಿ ಹಿಡಿಯ ತುದಿಗೆ ಬೆಳ್ಳಿ ಟೋಪಿ ಇದ್ದರೆ ಆ ಮುಖವೇ ಮುಚ್ಚಿಹೋಗಿರುತ್ತದೆ. ಆಗ ಖಚಿತ ಹೇಳಲು ಪ್ರಯೋಗಾಲಯವೇ ಬೇಕು. ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಪದ್ಧತಿ ಬೇಡ, ಹಿಡಿ ಹಾಳಾಗುತ್ತದೆ.

ಕಾಫಿ ತೋಟದ ಹಳೇ ಬಂಗಲೆಗಳಲ್ಲಿ ಸಿಗುವ ಇಂಗ್ಲೆಂಡಿನ ಊಟದ ಚಾಕುಗಳ ಕಥೆ ಬೇರೆ. ಹಿಡಿ ಕೆನೆ ಬಣ್ಣ, ಅಲಗಿನ ಮೇಲೆ ಶೆಫೀಲ್ಡ್ ಮುದ್ರೆ, ನೋಡಿದ ಕೂಡಲೇ ದಂತ ಎನ್ನುತ್ತಾರೆ. ಹಿಡಿಯ ಉದ್ದಕ್ಕೂ ರೂಲರ್ ಇಟ್ಟು ಎಳೆದಂಥ ಸಮಾನಾಂತರ ಗೆರೆಗಳಿದ್ದರೆ ಅದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಇರುವ ಸಾಧ್ಯತೆಯೇ ಜಾಸ್ತಿ. ದಂತದ ಹಾಗೆ ಕಾಣಲೆಂದೇ ಆ ಗೆರೆ ಮೂಡಿಸುತ್ತಿದ್ದರು. ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದೀತು, ಯಾಕೆಂದರೆ ಅದನ್ನು ಮಾಡುವಾಗ ಕರ್ಪೂರ ಹಾಕುತ್ತಿದ್ದರು. ಕಾನೂನಿನ ಕಾಟ ಇಲ್ಲದ್ದು, ಕಡಿಮೆ ದುಡ್ಡಿನಲ್ಲಿ ಸಂಗ್ರಹ ಶುರು ಮಾಡುವವರಿಗೆ ಒಳ್ಳೆಯದು. ಒಂದೇ ಎಚ್ಚರಿಕೆ: ಬೆಂಕಿಯಿಂದ ದೂರ ಇಡಿ, ಗಾಳಿಯಾಡುವ ಕಡೆ ಬೇರೆಯಾಗಿಯೇ ಇಡಿ. ಹಳೆಯದಾದಂತೆ ಅದು ಬಿಡುವ ಆವಿ ಪಕ್ಕದ ಕತ್ತಿಗೂ ತುಕ್ಕು ಹಿಡಿಸುತ್ತದೆ.

ವಿದೇಶದಲ್ಲಿ ಕೊಳ್ಳುವ ಆಸೆ ಇದ್ದರೆ

ದಂತದ ಕತ್ತಿಯನ್ನು ಭಾರತಕ್ಕೆ ತರಿಸಿಕೊಳ್ಳಲು ಆಗಲ್ಲ. ಅಲ್ಲೇ ನೆಲೆಸಿ, ಅಲ್ಲೇ ಇಟ್ಟುಕೊಳ್ಳುವ ಕನ್ನಡಿಗರಿಗೆ ಮಾತ್ರ ಈ ಭಾಗ.

ಬ್ರಿಟನ್ನಿನ 2018ರ ದಂತ ಕಾಯ್ದೆ ಜಾರಿಗೆ ಬಂದಿದ್ದು 2022ರ ಜೂನ್‌ನಲ್ಲಿ. ಇಟ್ಟುಕೊಳ್ಳುವುದಕ್ಕೆ, ಮಕ್ಕಳಿಗೆ ಬಿಟ್ಟುಹೋಗುವುದಕ್ಕೆ ಅಡ್ಡಿಯಿಲ್ಲ. ಮಾರಾಟಕ್ಕೆ ಕೆಲವೇ ವಿನಾಯಿತಿಗಳಿವೆ. 1947ಕ್ಕೆ ಮುಂಚಿನ, ಒಟ್ಟು ಗಾತ್ರದಲ್ಲಿ ದಂತ 10%ಕ್ಕಿಂತ ಕಡಿಮೆ ಇರುವ ವಸ್ತುವನ್ನು 20 ಪೌಂಡ್ ಕಟ್ಟಿ ನೋಂದಾಯಿಸಿ ಮಾರಬಹುದು. ಆದರೆ ಹಿಡಿ ಪೂರ್ತಿ ದಂತದ್ದಾದರೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆಗ ಉಳಿಯುವುದು 1918ಕ್ಕೆ ಮುಂಚಿನ, ಕಲೆ ಅಥವಾ ಇತಿಹಾಸದ ದೃಷ್ಟಿಯಿಂದ ಬಹಳ ಮಹತ್ವದ್ದು ಎಂದು ತಜ್ಞರು ಒಪ್ಪಬೇಕಾದ ದಾರಿ, ಅರ್ಜಿಗೆ 250 ಪೌಂಡ್. ಹರಾಜಿನಲ್ಲಿ ಕತ್ತಿ ಕಂಡರೆ ಮೊದಲು ನೋಂದಣಿ ಅಥವಾ ಪ್ರಮಾಣಪತ್ರದ ಸಂಖ್ಯೆ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಅಮೆರಿಕದಲ್ಲಿ 2016ರಿಂದ ನಿಯಮ ಬಹಳ ಬಿಗಿ. ನಮ್ಮ ಕಡೆಯ ಆನೆಯ ದಂತವಾದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಲು 100 ವರ್ಷ ಹಳೆಯದೆಂಬ ಪುರಾವೆ ಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ರಾಜ್ಯದ ಕಾನೂನು ಇನ್ನೂ ಗಟ್ಟಿ. ಅಲ್ಲಿರುವವರು ಬೆಳ್ಳಿ ಅಥವಾ ಮರದ ಹಿಡಿಯ ಹಳೆಯ ಪೀಚೆಕತ್ತಿ ಹುಡುಕಿ ಎಂದೇ ನಾನು ಹೇಳುವುದು. 19ನೇ ಶತಮಾನದ ಒಳ್ಳೊಳ್ಳೆ ಕತ್ತಿಗಳಲ್ಲಿ ಮರದ, ಕೊಂಬಿನ ಹಿಡಿಯವೂ ಬೇಕಾದಷ್ಟಿವೆ. ಅವು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಮ್ಯಾಮತ್ ದಂತದ ಬಗ್ಗೆ ಒಂದೇ ಮಾತು. ಸತ್ತು ಸಾವಿರಾರು ವರ್ಷವಾದ ಪ್ರಾಣಿಯದ್ದು, ತಪ್ಪೇನು ಎಂದು ಕೇಳುತ್ತಾರೆ. 2003ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ನಿಷೇಧ ಮ್ಯಾಮತ್ ದಂತಕ್ಕೂ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ. ವಿದೇಶಿ ಚಾಕು ತಯಾರಕರಿಂದ ಆನ್‌ಲೈನ್‌ನಲ್ಲಿ ತರಿಸುವವರು ಇದನ್ನು ಮರೆಯಬೇಡಿ. ಜಿಂಕೆ, ಕಡವೆ ಕೊಂಬಿನ ಹಿಡಿಯೂ ಬೇಡ. ತಾನಾಗಿ ಉದುರಿದ ಕೊಂಬು ಎಂದರೂ ಅದು ವನ್ಯಜೀವಿ ಕಾಯ್ದೆಯ ಕೆಳಗೇ ಬರುತ್ತದೆ.

ಧೈರ್ಯವಾಗಿ ಕೊಳ್ಳಬಹುದಾದವು

ದಂತದ ನೋಟ ಬೇಕೇಬೇಕು ಎನ್ನುವವರಿಗೆ ಹತ್ತಿರದ್ದು ಮೂಳೆ, ಒಂಟೆಯದ್ದು ಅಥವಾ ಎಮ್ಮೆಯದ್ದು. ದಂತ ನಿಷೇಧವಾದ ಮೇಲೆ ಉತ್ತರ ಭಾರತದ ದಂತದ ಕುಶಲಕರ್ಮಿಗಳು ಹಿಡಿದದ್ದು ಇದನ್ನೇ. ಸಣ್ಣ ಕೆತ್ತನೆ ಚೆನ್ನಾಗಿ ಕೂರುತ್ತದೆ, ಬೆಲೆ ಕೈಗೆಟುಕುತ್ತದೆ. ದೊಡ್ಡ ಗಟ್ಟಿ ತುಂಡು ಸಿಗುವುದು ಮಾತ್ರ ಕಷ್ಟ, ಮೂಳೆಯ ಒಳಗೆ ಟೊಳ್ಳಲ್ವಾ. ಹಾಗಾಗಿ ಎರಡು ಪಟ್ಟಿ ಇಟ್ಟು ಮೊಳೆ ಹೊಡೆದ ಹಿಡಿಯೇ ಬಾಳಿಕೆಗೆ ಒಳ್ಳೆಯದು. ಬೆವರು, ಎಣ್ಣೆ ಹೀರಿಕೊಂಡು ಹಳದಿಯಾಗುತ್ತದೆ. ಕೆಲವರಿಗೆ ಅದೇ ಇಷ್ಟ. ನೀರಿನಲ್ಲಿ ನೆನೆಸಬೇಡಿ, ಬಿಸಿಲಿಗೂ ಇಡಬೇಡಿ. ಒಂದು ಅಪಾಯವೂ ಇದೆ. ಬಿಲ್ಲಿನಲ್ಲಿ ಮೂಳೆ ಎಂದು ಬರೆದು ದಂತ ಮಾರುವವರಿದ್ದಾರೆ. ಗೊತ್ತಿರುವ ಅಂಗಡಿಯಿಂದಲೇ ಕೊಳ್ಳಿ, ಭೂತಕನ್ನಡಿಯಲ್ಲಿ ಚುಕ್ಕೆ ನೋಡಿಯೇ ಕೊಳ್ಳಿ. ವಿಮಾನ ಹತ್ತುವವರಿಗೆ ಇದು ತಲೆನೋವಿನದ್ದು. ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ಕತ್ತಿ ಪರೀಕ್ಷೆಗೆ ಹೋಗಬಹುದು.

ಎಲ್ಲ ಮಾನದಂಡಗಳನ್ನೂ ಒಟ್ಟಿಗೆ ನೋಡಿದರೆ ನನ್ನ ಮೊದಲ ಆಯ್ಕೆ ಬೀಟೆ. ಗಟ್ಟಿ, ತನ್ನದೇ ಎಣ್ಣೆಯ ಅಂಶ ಇರುವ ಮರ. ಕೊಡಗಿನ ಮಳೆಗಾಲದ ತೇವಕ್ಕೆ ಜಗ್ಗಲ್ಲ, ಕೈಯಲ್ಲಿ ಜಾರಲ್ಲ. ಕಪ್ಪುಗಂದು ಮೈಯ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ. ಒಡಿಕತ್ತಿಗೂ ಸೈ. ಹಿಡಿ ಸಡಿಲವಾದರೆ ಊರಿನ ಯಾವ ಒಳ್ಳೆ ಬಡಗಿಯೂ ಸರಿಮಾಡಬಲ್ಲ. ಬೀಟೆ ಮರ ಕಡಿಯಲು, ಸಾಗಿಸಲು ಅನುಮತಿ ಬೇಕಾದ ಕಾರಣ ಕೆಲಸಗಾರರ ಬಳಿ ಮರ ಎಲ್ಲಿಂದ ಬಂತು ಎಂದು ಕೇಳಿ. ಹಳೇ ಪೀಠೋಪಕರಣದ ತುಂಡಿನಿಂದ ಮಾಡಿಸಿದರೆ ಇನ್ನೂ ಒಳ್ಳೆಯದು, ಮರ ಚೆನ್ನಾಗಿ ಒಣಗಿರುತ್ತದೆ. ಬಿಳಿ ಬಣ್ಣದ ಅಲಂಕಾರ ಬೇಕಿದ್ದರೆ ಮೈಸೂರಿನ ಇನ್ಲೇ ಕೆಲಸದವರನ್ನು ಕೇಳಿ. ಹಿಂದೆ ಬೀಟೆಯಲ್ಲಿ ದಂತದ ಚೂರು ಕೂರಿಸುತ್ತಿದ್ದ ಆ ಕುಶಲಕರ್ಮಿಗಳು ಈಗ ಅದರ ಜಾಗದಲ್ಲಿ ಪ್ಲಾಸ್ಟಿಕ್, ಬೇರೆ ಬೇರೆ ಬಣ್ಣದ ಮರ ಬಳಸುತ್ತಾರೆ. ಚೂರೂ ಮೋಸವಿಲ್ಲದ ಕೆಲಸ.

ಎಮ್ಮೆ ಕೊಂಬು ಕಪ್ಪಗೆ ಹೊಳೆಯುತ್ತದೆ, ಅಗ್ಗ, ಗಿಳಿ ತಲೆಯ ಬಾಗು ಚೆನ್ನಾಗಿ ಬರುತ್ತದೆ. ಆದರೆ ಹುಳ ತಿನ್ನುತ್ತದೆ. ಟ್ರಂಕಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟು ಮರೆಯುವವರಿಗೆ ಇದು ಬೇಡ.

ಬೆಳ್ಳಿ ಹಿಡಿ ದುಬಾರಿ, ಭಾರ, ಕಪ್ಪಾಗುತ್ತದೆ. ಹಾಗಿದ್ದೂ ಮದುವೆಗೆ ಅದರ ಕಳೆಯೇ ಬೇರೆ. ಕಾನೂನಿನ ಯಾವ ಪ್ರಶ್ನೆಯೂ ಇಲ್ಲ, ಯಾವ ಅಕ್ಕಸಾಲಿಗರೂ ಮುಟ್ಟುತ್ತಾರೆ, ಬೆಳ್ಳಿಯ ತೂಕಕ್ಕೆ ಬೆಲೆ ಯಾವತ್ತೂ ಇದೆ. ಮೂರು ತಲೆಮಾರು ಉಳಿಯಬೇಕು, ಕೈಯಲ್ಲಿ ದುಡ್ಡೂ ಇದೆ ಎನ್ನುವವರು ಇದನ್ನೇ ಮಾಡಿಸಿ. ಪೂರ್ತಿ ಬೆಳ್ಳಿ ಆಗದಿದ್ದರೆ ಬೀಟೆಯ ಹಿಡಿಗೆ ಬೆಳ್ಳಿ ಟೋಪಿ, ಬೆಳ್ಳಿ ಕಟ್ಟು ಹಾಕಿಸಿ. ನೋಟದಲ್ಲಿ ಕೊರತೆಯೇನೂ ಕಾಣಲ್ಲ.

ಬಿಳಿ ರೆಸಿನ್ ಅಥವಾ ಅಕ್ರಿಲಿಕ್ ಹಿಡಿಯನ್ನು ಅಲ್ಲಗಳೆಯಬೇಡಿ. ಬಿಳಿ ಕುಪ್ಯದ ಮದುಮಗನಿಗೆ ಕೆನೆಬಣ್ಣದ ಹಿಡಿಯೇ ಬೇಕೆಂದು ಮನೆಯವರ ಆಸೆ, ಬಜೆಟ್ ಕಡಿಮೆ ಎಂದಾದರೆ ಇದು ಸಾಕು. ತೇವಕ್ಕೆ ಏನೂ ಆಗಲ್ಲ. ಗೀರು ಬೀಳುತ್ತದೆ, ಬಿಸಿ ತಾಗಿಸಬಾರದು, ಅಷ್ಟೇ. ಒಡಿಕತ್ತಿಗೆ ಮಾತ್ರ ಹಾಕಿಸಬೇಡಿ.

ಹಾಗಾದರೆ ಯಾರಿಗೆ ಯಾವುದು

ವರ್ಷಕ್ಕೆರಡು ಸಲ ಮದುವೆಗೆ, ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ ತೆಗೆಯುವವರಿಗೆ ಬೀಟೆ ಮತ್ತು ಬೆಳ್ಳಿಯ ಜೋಡಿ. ಒಂದೇ ಮದುವೆಯ ಖರ್ಚಿಗೆ ಹೊಂದಬೇಕೆಂದರೆ ರೆಸಿನ್. ದಂತದ ಕೆತ್ತನೆಯ ಸೊಗಸನ್ನೇ ಪ್ರೀತಿಸಿ ಸಂಗ್ರಹಿಸುವವರಿಗೆ ಮೂಳೆ. ವಿದೇಶಕ್ಕೆ ಒಯ್ಯುವವರಿಗೆ ಪೂರ್ತಿ ಬೆಳ್ಳಿ ಒಳ್ಳೆಯದು, ಹೊಸದಾಗಿ ಮಾಡಿಸಿದ್ದು. 100 ವರ್ಷ ದಾಟಿದ ಕತ್ತಿ ಯಾವ ಹಿಡಿಯದ್ದಾದರೂ ಪುರಾತನ ವಸ್ತು ಎನಿಸಿಕೊಳ್ಳುತ್ತದೆ, ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಕಾಗದವಿರುವ ದಂತದ ಕತ್ತಿ ಮನೆಯಲ್ಲಿದ್ದರೆ ಅದನ್ನು ಮನೆಯಲ್ಲೇ ಇಟ್ಟು, ಧರಿಸಲು ಇನ್ನೊಂದು ಮಾಡಿಸಿಕೊಳ್ಳಿ.

ಯಾವುದನ್ನೇ ಆರಿಸಿ, ಬಿಲ್ಲಿನಲ್ಲಿ ಹಿಡಿಯ ವಸ್ತುವಿನ ಹೆಸರನ್ನು ಬಿಡಿಸಿ ಬರೆಸಿ: ಒಂಟೆ ಮೂಳೆ, ಎಮ್ಮೆ ಕೊಂಬು, ಬೀಟೆ, ಹೀಗೆ. ಬರೀ ಪೀಚೆಕತ್ತಿ, 1 ಎಂದು ಬರೆದ ಚೀಟಿ ಬೇಡ. ಹಿಡಿಯ ಫೋಟೋ ಜೊತೆ ಆ ಬಿಲ್ಲನ್ನು ಒಂದು ಕವರಿಗೆ ಹಾಕಿ ತೋಟದ ಪತ್ರಗಳ ಜೊತೆ ಇಡಿ. ಮಳೆಗಾಲದಲ್ಲಿ ಅಲಗನ್ನು ಒರೆಯಿಂದ ತೆಗೆದು, ತೆಳುವಾಗಿ ಎಣ್ಣೆ ಸವರಿ, ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಿ. ಹಿಡಿ ಯಾವುದೇ ಇರಲಿ, ಒರೆಯೊಳಗಿನ ತೇವಕ್ಕೆ ಮೊದಲು ಹಾಳಾಗುವುದು ಅಲಗೇ.